ಕಬ್ಬಿನ ಪೈರಿಲ್ಲಾ ಮೇಲಿನ ಬಿಳಿ ಹುಳು: ಔಷಧಿ ಹೊಡೀಬೇಡಿ

ಅಣ್ಣ, ಗೌರಿಬಿದನೂರು ಕಡೆ ಕೂಳೆ ಕಬ್ಬಿನಲ್ಲಿ ಪೈರಿಲ್ಲಾ (ಗರಿಯ ರಸ ಹೀರುವ ಜಿಗಿಹುಳು) ಬೆನ್ನಿಗೆ ಬಿಳಿ ಹುಳು ಅಂಟಿಕೊಂಡಿದೆ, ಅರ್ಧ ಹೊಲಕ್ಕೆ ಔಷಧಿ ಹೊಡೆದಾಗಿದೆ, ಎರಡಕ್ಕೂ ಸೇರಿಸಿ ಯಾವ ಔಷಧಿ ಅಂತ ಕೇಳಿದ್ದೀರಿ. ಆ ಬಿಳಿ ಹುಳು ನಿಮ್ಮ ಮಿತ್ರನೇ. ಹೆಸರು ಎಪಿರಿಕೇನಿಯಾ ಮೆಲನೋಲ್ಯೂಕಾ. ಪತಂಗದ ಮರಿ ಅದು, ಆದರೆ ಎಲೆ ಮುಟ್ಟೋದಿಲ್ಲ; ಪೈರಿಲ್ಲಾ ಮೈಮೇಲೇ ಕೂತು ಅದರ ರಸ ಹೀರಿ ಸಾಯಿಸುತ್ತದೆ. ಬೆಳೆದ ಮೇಲೆ ಕೆಳಗಿಳಿದು ಗರಿಗೆ ಅಂಟಿದ ಹಾಗೆ ಬಿಳಿ ಗೂಡು ಕಟ್ಟುತ್ತದೆ. ಹೊರಬರುವ ಪತಂಗ ಏನೂ ತಿನ್ನದು, ಬದುಕೋದೂ ಕೆಲವೇ ದಿನ, ಅಷ್ಟರಲ್ಲೇ ನೂರಾರು ಮೊಟ್ಟೆ ಇಟ್ಟಿರುತ್ತದೆ.

ಎಲ್ಲರೂ ಎಡವೋದು ಬಿಳಿ ಬಣ್ಣದಲ್ಲಿ. ಗರಿಯ ಅಡಿಭಾಗದಲ್ಲಿ ಅರಳೆಯಂಥ ಎಳೆ ಮುಚ್ಚಿದ್ದು, ಬೆರಳಲ್ಲಿ ಒರೆಸಿದರೆ ಒಳಗೆ ಮೊಟ್ಟೆ ಸಾಲು ಕಂಡರೆ ಅದು ಪೈರಿಲ್ಲಾದ್ದು. ಆ ಗರಿ ಕಿತ್ತು ನಾಶ ಮಾಡಿ. ಒಂದೊಂದೇ ಬಿಡಿಯಾಗಿ, ಗಟ್ಟಿಯಾಗಿ ಅಂಟಿರುವ ಉದ್ದುರುಟು ಗೂಡು ಎಪಿರಿಕೇನಿಯಾದ್ದು. ರೇಷ್ಮೆ ಗೂಡು ನೋಡಿದ ನಿಮ್ಮ ಕಡೆಯವರಿಗೆ ಇದು ಕಷ್ಟವಲ್ಲ, ಗಾತ್ರ ಮಾತ್ರ ತೀರಾ ಪುಟ್ಟದು.

ಹೊಲದ ನಾಲ್ಕೈದು ಕಡೆ ಗರಿ ತಿರುಗಿಸಿ ನೋಡಿ. ಹತ್ತು ಪೈರಿಲ್ಲಾದಲ್ಲಿ ಐದಾರರ ಮೇಲೆ ಹುಳು ಇದ್ದರೆ ಸುಮ್ಮನಿರಿ. ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಅಲ್ಲಿಂದ ಹಂಚಬೇಕು. ಹೆಕ್ಟೇರಿಗೆ 4,000ದಿಂದ 5,000 ಗೂಡು, ಅಂದರೆ ಎಕರೆಗೆ ಸುಮಾರು 1,600ರಿಂದ 2,000. ಗೂಡು ಬಿಡಿಸಬೇಡಿ, ಹರಿದು ಹಾಳಾಗುತ್ತದೆ. ಗೂಡಿರುವ ಗರಿಯನ್ನೇ ಗೇಣುದ್ದ ಕತ್ತರಿಸಿ, ಸಂಜೆ ಹೊತ್ತು, ಪೈರಿಲ್ಲಾ ಹೆಚ್ಚಿರುವ ಕಬ್ಬಿನ ಗರಿಯ ಅಡಿಗೆ ಸ್ಟೇಪ್ಲರ್ ಪಿನ್ ಹೊಡೆಯಿರಿ. ನೆಲಕ್ಕೆ ಎಸೆದರೆ ಇರುವೆ, ನೀರಿನ ಪಾಲು. ತುದಿ ಒಡೆದು ಖಾಲಿಯಾದ ಗೂಡನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೆಲಸ ಕೆಡೋದು ಬಿಸಿಲಿಗೆ. ಎಪಿರಿಕೇನಿಯಾಕ್ಕೆ ತೇವದ ಗಾಳಿ ಬೇಕು. ಏಪ್ರಿಲ್–ಮೇ ಒಣ ಝಳದಲ್ಲಿ ಬಿಟ್ಟರೆ ನಿಲ್ಲೋದಿಲ್ಲ. ಮಳೆ ಹಿಡಿದ ಮೇಲೆ ಬಿಡಿ, ಬೇಗ ಬೇಕೇ ಬೇಕು ಅಂದರೆ ಮೊದಲು ನೀರು ಹಾಯಿಸಿ. ತರಗಿಗೆ ಬೆಂಕಿ ಹಾಕಿದರೆ ಗೂಡೂ ಸುಟ್ಟುಹೋಗುತ್ತದೆ, ಹಾಗಾಗಿ ಕಟಾವಾದ ಮೇಲೂ ಹಾಕಬೇಡಿ. ಪೈರಿಲ್ಲಾದ ಅಂಟು ಸುರಿದು ಗರಿ ಕಾಡಿಗೆ ಬಳಿದ ಹಾಗೆ ಕಪ್ಪಾಗಿದ್ದು ಕಂಡು ಗಾಬರಿಯಿಂದ ಔಷಧಿ ಹೊಡೆದರೆ ಪೈರಿಲ್ಲಾ ಮತ್ತೆ ಹೊರಗಿಂದ ಹಾರಿ ಬರುತ್ತದೆ. ಔಷಧಿಗೆ ಸತ್ತ ಎಪಿರಿಕೇನಿಯಾ ಅಷ್ಟು ಬೇಗ ವಾಪಸ್ ಬರೋದಿಲ್ಲ.

ಈಗ ಅರ್ಧ ಹೊಲಕ್ಕೆ ಹೊಡೆದಾಗಿದೆ ಅಂದಿರಲ್ಲ, ಆ ಅರ್ಧಕ್ಕೆ ಹದಿನೈದು ದಿನ ಗೂಡಿನ ಗರಿ ಪಿನ್ ಹೊಡೆಯಬೇಡಿ. ಹೊಡೆಯದ ಕಡೆಯ ಗೂಡಿನ ಫೋಟೋ ಹತ್ತಿರದಿಂದ ತೆಗೆದು ಹಾಕಿ.