ವಲಸಿಗರನ್ನು ತಡೆಯೋಕೆ ಬೇರೆ ದೇಶಕ್ಕೆ ದುಡ್ಡು ಕೊಟ್ಟರೆ, ಅಲ್ಲಿ ಆಗುವ ಹಿಂಸೆಗೆ ಯಾರು ಹೊಣೆ?

ಯುರೋಪಿಗೆ ಹೊರಟ ವಲಸಿಗರನ್ನು ಹಿಡಿದು ಹೊಡೆಯುವವರು ಲಿಬಿಯಾದವರು, ಅವರನ್ನು ತಡೆಯೋಕೆ ದುಡ್ಡು ಕೊಟ್ಟಿದ್ದಕ್ಕೆ ಯುರೋಪನ್ನು ಯಾಕೆ ಬೈಯಬೇಕು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಇಬ್ಬರೂ ಹೊಣೆ. ಆದರೆ ಕೋರ್ಟಿನ ಕೈಗೆ ಸಿಗದ ಹಾಗೆ ಈ ಏರ್ಪಾಡು ಮಾಡಿಕೊಂಡಿದ್ದು ಯುರೋಪು. ಇಟಲಿಯ ಕತೆ ನೋಡಿದರೆ ಇದು ಗೊತ್ತಾಗುತ್ತದೆ.

2009ರ ಮೇ ತಿಂಗಳು. ಇಟಲಿಯ ಲಂಪೆಡೂಸಾ ದ್ವೀಪದ ದಕ್ಷಿಣಕ್ಕೆ ಮೂರು ದೋಣಿಗಳಲ್ಲಿ ಸುಮಾರು 200 ಜನ ಬರುತ್ತಿದ್ದರು. ಇಟಲಿಯ ಹಡಗುಗಳು ಅವರನ್ನು ಹತ್ತಿಸಿಕೊಂಡು ಸೀದಾ ಲಿಬಿಯಾದ ರಾಜಧಾನಿ ಟ್ರಿಪೋಲಿಗೆ ಒಯ್ದು ಇಳಿಸಿದವು. ನೀವು ಯಾರು, ಯಾಕೆ ಓಡಿ ಬಂದಿರಿ ಅಂತ ಯಾರೂ ವಿಚಾರಿಸಲಿಲ್ಲ. ಅವರಲ್ಲಿ ಸೊಮಾಲಿಯಾ, ಎರಿಟ್ರಿಯಾದ 24 ಜನ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟಿಗೆ ಹೋದರು. 2012ರಲ್ಲಿ ಗೆದ್ದರು. ಹಡಗು ಇಟಲಿಯದು, ಹಾಗಾಗಿ ಅದರಲ್ಲಿದ್ದವರ ಹೊಣೆಯೂ ಇಟಲಿಯದೇ ಅಂತ ತೀರ್ಪು ಬಂತು. ಚಿತ್ರಹಿಂಸೆ ಕಾದಿರುವ ಕಡೆಗೆ ಯಾರನ್ನೂ ವಾಪಸ್ ಕಳಿಸಬಾರದು ಅನ್ನುವ ನಿಯಮ ನಡುಗಡಲಲ್ಲೂ ಲಾಗೂ ಆಗುತ್ತದೆ ಅಂದರು.

ಆಮೇಲೆ ಏನಾಯಿತು ನೋಡಿ. 2017ರ ಫೆಬ್ರವರಿಯಲ್ಲಿ ಇಟಲಿ ಲಿಬಿಯಾ ಜೊತೆ ಒಪ್ಪಂದ ಮಾಡಿಕೊಂಡಿತು. ದುಡ್ಡು, ತರಬೇತಿ, ಗಸ್ತು ದೋಣಿ ಎಲ್ಲ ಯುರೋಪಿನದು. ಜನರನ್ನು ಹಿಡಿದು ತರುವ ಕೆಲಸ ಮಾತ್ರ ಲಿಬಿಯಾದ ಕರಾವಳಿ ಕಾವಲು ಪಡೆಯದು. ಹಿಡಿದವರನ್ನು ಬಂಧನ ಕೇಂದ್ರಕ್ಕೆ ಹಾಕುತ್ತಾರೆ. ಅಲ್ಲಿ ಹೊಡೆತ, ಅತ್ಯಾಚಾರ, ಬಿಡಬೇಕಾದರೆ ಮನೆಯವರಿಂದ ದುಡ್ಡು ತರಿಸು ಅನ್ನುವ ಪೀಡನೆ. ವಿಶ್ವಸಂಸ್ಥೆಯ ವರದಿಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಗೊತ್ತಿಲ್ಲದೆ ಕೊಟ್ಟ ದುಡ್ಡಲ್ಲ ಇದು, ಅಲ್ವಾ?

ಅದೇ ವರ್ಷ ನವೆಂಬರ್ 6ರಂದು ಒಂದು ರಬ್ಬರ್ ದೋಣಿ ಮುಳುಗತೊಡಗಿತು. ಕಾಪಾಡಿ ಅನ್ನುವ ಕರೆ ಹೋಗಿದ್ದು ರೋಮ್‌ಗೆ. ದೋಣಿ ಇದ್ದ ಜಾಗಕ್ಕೆ ಬಂದ ಲಿಬಿಯಾದ ಹಡಗು ಇಟಲಿಯೇ ಕೊಟ್ಟಿದ್ದು. ಅದು ಕೆಲವರನ್ನು ವಾಪಸ್ ಲಿಬಿಯಾಕ್ಕೆ ಒಯ್ದಿತು. ಕಮ್ಮಿ ಅಂದರೂ 20 ಜನ ಸತ್ತರು. ಬದುಕಿ ಉಳಿದವರು ಅದೇ ಸ್ಟ್ರಾಸ್‌ಬರ್ಗ್ ಕೋರ್ಟಿನ ಬಾಗಿಲು ತಟ್ಟಿದರು. ಈ ಅರ್ಜಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ 2025ರಲ್ಲಿ ಕೋರ್ಟು ಹೇಳಿಬಿಟ್ಟಿತು. ಆ ನೀರಿನ ಮೇಲಾಗಲಿ, ಆ ಲಿಬಿಯಾ ಹಡಗಿನ ಕ್ಯಾಪ್ಟನ್ ಮೇಲಾಗಲಿ ಇಟಲಿಗೆ ಹಿಡಿತ ಇರಲಿಲ್ಲವಂತೆ.

ಈ ಎರಡು ಕೇಸುಗಳನ್ನು ಪಕ್ಕಪಕ್ಕ ಇಟ್ಟು ಓದಿದಾಗ ನನಗೆ ತುಂಬಾ ಸಂಕಟವಾಯಿತು. ಜನ ವಾಪಸ್ ಹೋಗಿದ್ದು ಅದೇ ಲಿಬಿಯಾಕ್ಕೆ. ಬದಲಾಗಿದ್ದು ಹಡಗಿನ ಮೇಲಿನ ಬಾವುಟ. ಗಡಿ ಕಾಯುವ ಹಕ್ಕು ಪ್ರತಿ ದೇಶಕ್ಕೂ ಇದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಆಶ್ರಯ ಕೇಳಿ ಬಂದವರ ಮಾತನ್ನು ಒಮ್ಮೆಯಾದರೂ ಕೇಳಬೇಕು. ಈ ಏರ್ಪಾಡು ತಪ್ಪಿಸುವುದು ಅದನ್ನೇ.

ಇನ್ನೊಂದು ವಿಷಯ. 2018ರಲ್ಲಿ ಇಟಲಿಯ ಒಂದು ಖಾಸಗಿ ಹಡಗು ಸಮುದ್ರದಲ್ಲಿ ಸಿಕ್ಕ 101 ಜನರನ್ನು ಲಿಬಿಯಾದವರಿಗೆ ಒಪ್ಪಿಸಿತು. ಕ್ಯಾಪ್ಟನ್‌ಗೆ ಶಿಕ್ಷೆಯಾಯಿತು. ಲಿಬಿಯಾ ಸುರಕ್ಷಿತ ಜಾಗ ಅಲ್ಲ ಅಂತ ಹೇಳಿ, ಇಟಲಿಯದೇ ಅತ್ಯುನ್ನತ ಕೋರ್ಟು 2024ರಲ್ಲಿ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ ಇಟಲಿ ಸರ್ಕಾರದ 2017ರ ಆ ಒಪ್ಪಂದ ಇನ್ನೂ ಮೂರು ವರ್ಷಕ್ಕೆ ಮುಂದುವರಿದಿತ್ತು.