ಸೈಡ್ ಸ್ಟ್ಯಾಂಡ್ ಹಾಕಿದ ಮೇಲೆ

ರಸ್ತೆ ಜಗಳದಲ್ಲಿ ಕೈ ಎತ್ತಿದವರು ಒಂದೇ ವರ್ಷದಲ್ಲಿ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದದ್ದು, ಇವರೂ ಸೇರಿ 4 ಜನ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಯಸ್ಸು 30ರ ಆಸುಪಾಸು. ಬೆಂಗಳೂರಿನ ಟಿನ್ ಫ್ಯಾಕ್ಟರಿ ಕಡೆಯಿಂದ ದಿನಾ ಸ್ಕೂಟರಿನಲ್ಲಿ ಆಫೀಸಿಗೆ. ಕನ್ನಡಿ ತಾಗಿತೆಂದು ಬೈಕಿನವನೊಬ್ಬ ತಾಯಿಯನ್ನು ಸೇರಿಸಿ ಬೈದ. ಇವರು ಹೆಲ್ಮೆಟ್ ಬೀಸಿದರು. ಅವನ ಹುಬ್ಬಿಗೆ ಹೊಲಿಗೆ, ಇವರ ಮೇಲೆ ಕೇಸು.

"ಆತ್ಮರಕ್ಷಣೆಗೆ ಹೊಡೆದೆ ಮೇಡಂ." ಮೊದಲೆರಡು ಭೇಟಿಯಲ್ಲಿ ಇದೊಂದೇ ಮಾತು. ಮೂರನೇ ಸಲ ನಾನು, "ಯಾಕೆ ಅನ್ನೋದು ಬೇಡ. ಕೈಕಾಲು ಏನೇನು ಮಾಡಿದವು, ಅಷ್ಟೇ ಹೇಳಿ" ಎಂದೆ.

"ಅವನು ಬೈದು ಮುಂದೆ ಹೋದ. ಸಿಗ್ನಲ್‌ನಲ್ಲಿ ಸಿಕ್ಕಿದ. ಗಾಡಿ ಆಫ್ ಮಾಡಿದೆ. ಸೈಡ್ ಸ್ಟ್ಯಾಂಡ್ ಹಾಕಿದೆ. ಕೀ ತೆಗೆದು ಜೇಬಿಗೆ..."

ಅಲ್ಲಿಗೆ ಮಾತು ನಿಂತಿತು. ನಾನೂ ಸುಮ್ಮನಿದ್ದೆ. ಫ್ಯಾನ್ ಸದ್ದು ಬಿಟ್ಟರೆ ಏನಿಲ್ಲ. ಆಮೇಲೆ ಅವರೇ ಕೇಳಿದರು: "ಹೆದರಿದೋನು ಕೀ ತೆಗೆದಿಟ್ಕೋತಾನಾ ಮೇಡಂ?"

ಅವರ ಭಾವಮೈದ ಮಾತ್ರ ಒಪ್ಪಲಿಲ್ಲ. "ಹಾಗಾದ್ರೆ ಹೊಡೆಸ್ಕೊಂಡು ಬರಬೇಕಾ?" ಎಂದು ನನ್ನ ಮೇಲೇ ರೇಗಿದರು. ಇಲ್ಲ. ಮೈಮೇಲೆ ಬಂದವನನ್ನು ತಡೆಯುವ ಹಕ್ಕು ಎಲ್ಲರಿಗೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ನೇ ಕಲಮಿನಿಂದ ಅದರದ್ದೇ ಮಾತು. ಆದರೆ 37ನೇ ಕಲಮು ಬೇಲಿ ಹಾಕುತ್ತದೆ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಈ ಹಕ್ಕಿಲ್ಲ, ಬೇಕಾದದ್ದಕ್ಕಿಂತ ಜಾಸ್ತಿ ಏಟು ಹಾಕುವಂತೆಯೂ ಇಲ್ಲ. ಬೈಗುಳಕ್ಕೆ ಏಟೇ ಉತ್ತರ ಎಂದು ಅದು ಎಲ್ಲೂ ಹೇಳುವುದಿಲ್ಲ. ಕೇಸಿನ ವಿಚಾರ ವಕೀಲರಿಗೆ ಬಿಟ್ಟದ್ದು. ನನಗೆ ಬೇಕಿದ್ದದ್ದು ಆ ಸ್ಟ್ಯಾಂಡು ಹಾಕಿದ ಕಾಲು.

"ಸಿಟ್ಟು ಮಾಡ್ಕೋಬೇಡಿ" ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದರಿಂದ ಯಾರ ಸಿಟ್ಟೂ ಇಳಿದದ್ದನ್ನು ಕಂಡಿಲ್ಲ. ಇವರಿಗೆ ಹೇಳಿದ್ದು ಇಷ್ಟು: ಸ್ಟ್ಯಾಂಡ್ ಹಾಕಬೇಡಿ, ಹೆಲ್ಮೆಟ್ ತೆಗೆಯಬೇಡಿ. ಯಾರಾದರೂ ಬೆನ್ನು ಹತ್ತಿದರೆ ಮನೆ ಕಡೆ ತಿರುಗದೆ ಜನ ಇರುವ ಪೆಟ್ರೋಲ್ ಬಂಕಿಗೆ ಹೋಗಿ 112ಕ್ಕೆ ಫೋನ್ ಮಾಡಿ.

ಐದನೇ ಭೇಟಿಗೆ ಬಂದಾಗ ಹೆಬ್ಬಾಳದ ಹತ್ತಿರ ಇನ್ನೊಬ್ಬ ಬೈದದ್ದನ್ನು ಹೇಳಿದರು. ಕಾಲು ಸ್ಟ್ಯಾಂಡಿನ ತನಕ ಹೋಗಿ ವಾಪಸ್ ಬಂತಂತೆ.

"ಆದ್ರೆ ಇಡೀ ದಿನ ಹೊಟ್ಟೆ ಉರೀತು ಮೇಡಂ."

ಉರಿಯುತ್ತೆ, ಅಲ್ವಾ? ಮುಂದಿನ ವಾರದ ಸಮಯ ಬರೆದುಕೊಟ್ಟೆ.