ಬಾಯಿ ಒಗರಾಗಿಸುವ ಕೆಂಪು ವೈನ್‌ಗೆ ಎಂಥ ಅಡುಗೆ?

ಪ್ರಶ್ನೆ: ನಮ್ಮದು ಹಾಸನ, ಈಗ ಫ್ರಾನ್ಸಿನ ಲಿಯಾನ್‌ನಲ್ಲಿ ಕೆಲಸ. ಆಫೀಸಿನ ಗೆಳತಿಯ ಮನೆಯಲ್ಲಿ ಕೋಟ್ ದ್ಯು ರೋನ್ ಎಂಬ ಕೆಂಪು ವೈನ್ ಕುಡಿದೆವು. ಉಳಿದವರೆಲ್ಲ ಕಾಳುಮೆಣಸಿನ ಪರಿಮಳ, ಹಣ್ಣಿನ ಪರಿಮಳ ಅಂದರು. ನನಗೆ ಬಾಯಿ ಒಣಗಿದ್ದು ಬಿಟ್ಟು ಬೇರೇನೂ ತಿಳಿಯಲಿಲ್ಲ. ರುಚಿ ನೋಡುವುದು ಹೇಗೆ? ಈ ಶನಿವಾರ ಅವರೆಲ್ಲ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ, ಒಬ್ಬರು ಮಾಂಸ ತಿನ್ನುವುದಿಲ್ಲ. ಅದೇ ವೈನ್ ತಂದಿಟ್ಟಿದ್ದೇನೆ. ನಮ್ಮ ಅಡುಗೆ ಅದಕ್ಕೆ ಹೊಂದುತ್ತದಾ?

ಉತ್ತರ: ಬಾಯಿ ಒಣಗಿತು ಅಂದಿರಲ್ಲ, ಅದು ಸರಿಯಾಗೇ ಗಮನಿಸಿದ್ದೀರಿ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ: ಒಗರು. ನೇರಳೆ ಹಣ್ಣು ತಿಂದಾಗ, ಬಲಿಯದ ಸೀಬೆಕಾಯಿ ಕಚ್ಚಿದಾಗ ಆಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಎಂಜಲಿನ ನುಣುಪು ಹೋಗಿ ನಾಲಿಗೆ ತರಕಲಾಗುತ್ತದೆ. ಮುಂದಿನ ಸಲ ಒಂದು ಗುಟುಕು ನುಂಗಿ ಸುಮ್ನೆ ಕಾಯಿರಿ. ಕೆನ್ನೆಯ ಒಳಗೆ ನೀರೂರಿದರೆ ಅದು ಹುಳಿ. ಒಸಡು ಬಿಗಿದು ಒಣಗಿದರೆ ಒಗರು. ಇವೆರಡನ್ನು ಬೇರೆ ಬೇರೆಯಾಗಿ ಗುರುತಿಸಲು ಬಂದರೆ ಕೆಂಪು ವೈನ್ ಅರ್ಧ ಅರ್ಥವಾದ ಹಾಗೆ.

ಕಾಳುಮೆಣಸಿನ ಪರಿಮಳ ಸಿಗಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ. ಈ ವೈನ್ ಒಂದೇ ತಳಿಯ ದ್ರಾಕ್ಷಿಯದಲ್ಲ. ನಮ್ಮೂರ ಕಾಫಿಪುಡಿ ಅಂಗಡಿಯಲ್ಲಿ ಪೀಬೆರಿ ಇಷ್ಟು, ರೊಬಸ್ಟಾ ಇಷ್ಟು ಅಂತ ಬೆರೆಸುತ್ತಾರಲ್ಲ, ಹಾಗೆ ಇಲ್ಲೂ ಸಾಮಾನ್ಯವಾಗಿ ಗ್ರೆನಾಶ್, ಸಿರಾ, ಮೂರ್ವೆಡ್ರ್ ತಳಿಗಳನ್ನು ಬೆರೆಸುತ್ತಾರೆ. ಗ್ರೆನಾಶ್‌ನಿಂದ ಮಾಗಿದ ಹಣ್ಣಿನ ರುಚಿ, ಮೈತುಂಬಿದ ಮೆದುತನ. ಮೂರ್ವೆಡ್ರ್‌ನಿಂದ ಗಟ್ಟಿ ಒಗರು. ಸಿರಾದಿಂದ ಗಾಢ ಬಣ್ಣ ಮತ್ತು ಆ ಕಾಳುಮೆಣಸು. ಅದು ಬರೀ ಹೋಲಿಕೆಯಲ್ಲ! ರೊಟುಂಡೋನ್ ಎಂಬ ಒಂದೇ ವಸ್ತು ಸಿರಾದಲ್ಲೂ ಇದೆ, ನಮ್ಮ ಮಲೆನಾಡಿನ ಕರಿಮೆಣಸಿನಲ್ಲೂ ಇದೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಆ ವಾಸನೆ ತಿಳಿಯಲೇ ಇಲ್ಲ. ನೀವು ಆ ಐದನೆಯವರಿರಬಹುದು. ಇಲ್ಲವೇ ಅಂದು ವೈನ್ ಬೆಚ್ಚಗಿದ್ದು, ಆಲ್ಕೋಹಾಲಿನ ಘಾಟೇ ಮೂಗಿಗೆ ಬಡಿದಿರಬಹುದು.

ಆದ್ದರಿಂದ ಶನಿವಾರ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. 16 ಡಿಗ್ರಿ ಹತ್ತಿರ ಇದ್ದರೆ ಚೆನ್ನ. ಲೋಟದ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ. ಮೊದಲು ಅಲ್ಲಾಡಿಸದೆ ಮೂಸಿ, ಆಮೇಲೆ ಲೋಟ ತಿರುಗಿಸಿ ಇನ್ನೊಮ್ಮೆ ಮೂಸಿ. ಎರಡನೇ ಸಲ ಪರಿಮಳ ಜಾಸ್ತಿ ಏಳುತ್ತದೆ.

ಇನ್ನು ಅಡುಗೆ. ನಮ್ಮ ಮಸಾಲೆಗೂ ಈ ವೈನ್‌ಗೂ ಜಗಳವಿಲ್ಲ. ಜಗಳ ಇರುವುದು ಒಣಮೆಣಸಿನಕಾಯಿಯ ಖಾರದ ಜೊತೆ. ನಾನೊಮ್ಮೆ ಇಂಥದೇ ವೈನ್ ಜೊತೆ ಖಾರವಾದ ನಾಟಿಕೋಳಿ ಸಾರು ಬಡಿಸಿದ್ದೆ. ಎರಡನೇ ಗುಟುಕಿಗೇ ವೈನ್ ಕಹಿಯಾಗಿ, ಬಾಯೆಲ್ಲ ಉರಿ. ಖಾರಕ್ಕೆ ಉರಿಯುವ ನರಗಳನ್ನೇ ಆಲ್ಕೋಹಾಲೂ ಕೆಣಕುತ್ತದೆ, ಒಗರು ಅದನ್ನು ಇನ್ನೂ ಒರಟಾಗಿಸುತ್ತದೆ.

ನನ್ನನ್ನು ಕೇಳಿದರೆ ಕುರಿ ಮಾಂಸದ ಪೆಪ್ಪರ್ ಫ್ರೈ ಮಾಡಿ. ಮೆಣಸಿನಕಾಯಿ ಬಿಟ್ಟು, ಇಳಿಸುವ ಮುಂಚೆ ಆಗಷ್ಟೇ ಕುಟ್ಟಿದ ಕರಿಮೆಣಸು ಧಾರಾಳವಾಗಿ ಹಾಕಿ. ಮಾಂಸದ ಪ್ರೋಟೀನು, ಕೊಬ್ಬು, ಉಪ್ಪು ಸೇರಿ ಒಗರನ್ನು ಮೆತ್ತಗಾಗಿಸುತ್ತವೆ. ಹುರಿದ ಈರುಳ್ಳಿಯ ಕಂದು ರುಚಿ ಗ್ರೆನಾಶ್‌ಗೆ ಬಹಳ ಹಿತ. ಪಂದಿ ಕರಿ ಮಾಡುವ ಮನಸ್ಸಿದ್ದರೆ ಕಾಚಂಪುಳಿ ಅರ್ಧಕ್ಕಿಳಿಸಿ. ಅಡುಗೆಯ ಹುಳಿ ವೈನಿನ ಹುಳಿಯನ್ನು ಮೀರಿದರೆ ವೈನ್ ಸಪ್ಪೆಯಾಗುತ್ತದೆ.

ಮಾಂಸ ತಿನ್ನದ ಅತಿಥಿಗೆ ಬದನೆಕಾಯಿ ಎಣ್ಣೆಗಾಯಿ ಮಾಡಿ. ಈ ವೈನ್ ಬರುವುದೇ ರೋನ್ ನದಿಯ ಕಣಿವೆಯಿಂದ. ಅದರ ದಕ್ಷಿಣದ ಕಡೆ, ಪ್ರೊವಾನ್ಸ್‌ನಲ್ಲಿ, ಬದನೆ ಮನೆಮನೆಯ ತರಕಾರಿ, ರಾಟಟೂಯಿ ಎಂಬ ಪಲ್ಯವೂ ಅದರದ್ದೇ. ಶೇಂಗಾ, ಎಳ್ಳು ಧಾರಾಳವಾಗಿರಲಿ. ಹುಣಸೆ, ಖಾರ ಕಡಿಮೆ, ಬೆಲ್ಲ ಬೇಡವೇ ಬೇಡ, ಏಕೆಂದರೆ ಸಿಹಿ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಹುಳಿಕಹಿಯಾಗುತ್ತದೆ. ಹೋಳಿಗೆ ಮಾಡುವ ಆಸೆಯಿದ್ದರೆ ಖಂಡಿತ ಮಾಡಿ, ವೈನ್ ಲೋಟಗಳನ್ನು ಎತ್ತಿಟ್ಟ ಮೇಲೆ ಬಡಿಸಿ.